ಅತ್ತಿಕಾಯಿ ಗೀರುವವನನ್ನು ನೋಡಿದ್ದು

ತಿಪಟೂರು

ನಾನು ಈಜಿಪ್ಟಿಗೆ ಹೋಗಿದ್ದರೂ ಪಿರಮಿಡ್ಡು ನೋಡಲಿಲ್ಲ. ಮರಳಿ ಬಂದು ಇದನ್ನು ಹೇಳಿದಾಗ, ನಾನು ನಿಜವಾಗಿ ಹೋಗಿದ್ದೆನೇ ಎಂಬ ಅನುಮಾನ ನಮ್ಮ ಊರಿನವರಿಗೆ ಬಂತು. ಆದ್ದರಿಂದ ನೋಡಿದ್ದೇನು ಎಂದು ಬರೆಯಬೇಕಾಗಿದೆ.

ನಮ್ಮದು ಹಂದನಕೆರೆ ಬಳಿಯ ಊರು, ಶೈವರ ಮನೆ, ತೆಂಗಿನ ತೋಟ. ಮೈಸೂರಿನಲ್ಲಿ ಕನ್ನಡ ಎಂ.ಎ. ಮುಗಿಸಿ ನಾನು ಬೆಂಗಳೂರಿನ ಒಂದು ಅನುವಾದ ಕಚೇರಿಗೆ ಸೇರಿ ಎರಡು ವರ್ಷವಾಗಿತ್ತು. ಅಲ್ಲಿ ಬೈಬಲನ್ನು ಹೀಬ್ರೂ ಮತ್ತು ಗ್ರೀಕ್ ಮೂಲಗಳಿಂದ ಹಳ್ಳಿಯವರಿಗೆ ತಿಳಿಯುವ ಕನ್ನಡಕ್ಕೆ ಹೊಸದಾಗಿ ತರುತ್ತಿದ್ದರು. ಬೈಬಲ್ ಓದದ ಒಬ್ಬರು ಅವರಿಗೆ ಬೇಕಾಗಿತ್ತು. ಓದಿದವರಿಗೆ ವಾಕ್ಯ ಹೇಗಿದ್ದರೂ ಅಭ್ಯಾಸಬಲದಿಂದ ಅರ್ಥವಾಗಿಬಿಡುತ್ತದೆ, ಕನ್ನಡ ಕೆಟ್ಟಿರುವುದು ಕಾಣುವುದಿಲ್ಲ. ಹೀಗೆ, ಓದದೆ ಇದ್ದದ್ದೇ ನನಗೆ ಅರ್ಹತೆಯಾಯಿತು. ಎರಡು ವರ್ಷದಲ್ಲಿ ಆ ಅರ್ಹತೆ ದಿನದಿನಕ್ಕೆ ಕಡಿಮೆಯಾಗುತ್ತ ಬಂದಿತ್ತು.

"ಅವ್ರ ದೇವ್ರ ಪುಸ್ತಕ ತಿದ್ದಾಕೆ ನಮ್ಮನೆ ಹುಡ್ಗೀನೇ ಬೇಕಾಗಿತ್ತಾ?" ಎಂದರು ಚಿಕ್ಕಮ್ಮ.

"ಕನ್ನಡ ತಿದ್ತಾಳೆ ಕಣೇ, ದೇವ್ರನ್ನಲ್ಲ," ಎಂದರು ಅಪ್ಪ.

ತಿಪಟೂರು ಸ್ಟೇಷನ್ನಿಗೆ ಬಿಡಲು ಬಂದವರು ಅಪ್ಪ ಒಬ್ಬರೇ. ಕೈಯಲ್ಲಿ ಒಂದು ಚೀಲ, ಅದರಲ್ಲಿ ಹನ್ನೆರಡು ಉಂಡೆ ಕೊಬ್ಬರಿ. ಬೇಡ ಎಂದರೆ ಕೇಳುವವರಲ್ಲ.

"ಅದ್ಯಾವ್ ದೇಶ ಅಂದೆ?"

"ಈಜಿಪ್ಟು."

"ಅಲ್ಲಿ ತೆಂಗಿಲ್ವಾ?"

"ಖರ್ಜೂರ ಇದೆಯಂತೆ."

"ಪಾಪ," ಎಂದರು ಅಪ್ಪ. ರೈಲು ಬರುವವರೆಗೂ ಆ ದೇಶದ ಬಗ್ಗೆ ಇನ್ನೇನೂ ಕೇಳಲಿಲ್ಲ.

ಬೆಂಗಳೂರು

ನನ್ನ ಜೊತೆ ಹೊರಟವರು ದಾನಪ್ಪ ಅಯ್ಯನವರು. ತುರುವೇಕೆರೆ ಕಡೆಯ ಸಭಾಪಾಲಕರು, ಎಪ್ಪತ್ತೊಂದು ವರ್ಷ. ಕ್ರೈಸ್ತರು ಪಾದ್ರಿಗಳನ್ನು ಅಯ್ಯನವರು ಎಂದೇ ಕರೆಯುತ್ತಾರೆ. ಹೀಬ್ರೂವಿನಿಂದ ಪ್ರವಾದಿಗಳ ಪುಸ್ತಕಗಳನ್ನು ಅವರು ಒಂಬತ್ತು ವರ್ಷ ಕೂತು ಕನ್ನಡಕ್ಕೆ ತಂದಿದ್ದರು. ಇನ್ನು ಮುಂದೆ ಅವರಿಂದ ಕೆಲಸವಾಗುವಂತಿರಲಿಲ್ಲ. ಎರಡು ಕಣ್ಣಿಗೂ ಪೊರೆ ಬಂದಿತ್ತು. ಅಲೆಕ್ಸಾಂಡ್ರಿಯದಲ್ಲಿ ಅನುವಾದಕರಿಗೆ ಹತ್ತು ದಿನದ ಶಿಬಿರ ನಡೆಯುವುದಿತ್ತು. ಕರೆ ಬಂದದ್ದು ಅವರಿಗೆ. ಓದಿ ಹೇಳಲು, ಕಂಡದ್ದನ್ನು ಕಂಡ ಹಾಗೆ ತಿಳಿಸಲು ಒಬ್ಬರು ಬೇಕೆಂದು ನಮ್ಮ ಕಚೇರಿಯ ಕಾರ್ಯದರ್ಶಿಗಳು ನನ್ನನ್ನು ಕಳಿಸಿದರು.

ನಮ್ಮಿಬ್ಬರ ನಡುವೆ ಒಂದು ವಾಕ್ಯ ಇತ್ತು. ಅದನ್ನು ಇಲ್ಲೇ ಹೇಳಿಬಿಡಬೇಕು.

ಆಮೋಸನೆಂಬ ಪ್ರವಾದಿಯನ್ನು ಅರಮನೆಯ ಪುರೋಹಿತನೊಬ್ಬ ಊರು ಬಿಟ್ಟು ಹೋಗು ಎನ್ನುತ್ತಾನೆ. ಅದಕ್ಕೆ ಆಮೋಸ, ನಾನು ಪ್ರವಾದಿಯ ಕುಲದವನಲ್ಲ, ದನ ಕಾಯುವವನು, ಜೊತೆಗೆ ಅತ್ತಿಯ ಮರದಲ್ಲಿ ಇಂಥ ಕೆಲಸ ಮಾಡುವವನು ಎಂದು ಉತ್ತರ ಕೊಡುತ್ತಾನೆ. ಆ ಕೆಲಸಕ್ಕೆ ಹೀಬ್ರೂವಿನಲ್ಲಿರುವ ಮಾತು ಬೋಲೇಸ್. ಇಡೀ ಗ್ರಂಥದಲ್ಲಿ ಆ ಮಾತು ಬರುವುದು ಅಲ್ಲೊಂದೇ ಕಡೆ. ಹೋಲಿಸಿ ನೋಡಲು ಇನ್ನೊಂದು ಜಾಗವಿಲ್ಲ. ಆದರೆ ಕ್ರಿಸ್ತನಿಗೂ ಮುಂಚೆ ಈಜಿಪ್ಟಿನಲ್ಲಿ ನೆಲೆಸಿದ್ದ ಯೆಹೂದ್ಯರು ಈ ಪುಸ್ತಕಗಳನ್ನು ಗ್ರೀಕಿಗೆ ತಂದಾಗ, ಆ ಜಾಗದಲ್ಲಿ ಗೀರುವುದು, ಕೆರೆಯುವುದು ಎಂಬರ್ಥದ ಮಾತು ಹಾಕಿದ್ದಾರೆ. ಅಯ್ಯನವರು ಅದನ್ನು ನಂಬಿ 'ಅತ್ತಿಕಾಯಿ ಗೀರುವವನು' ಎಂದು ಬರೆದಿದ್ದರು.

ನಾನು ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಬರೆದೆ: 'ಕಾಯಿಯನ್ನು ಯಾರೂ ಗೀರುವುದಿಲ್ಲ. ರೈತರು ನಗುತ್ತಾರೆ. ಅತ್ತಿಮರ ನೋಡಿಕೊಳ್ಳುವವನು ಎಂದಿರಲಿ.'

ಸುಮ್ಮನೆ ಬರೆದದ್ದಲ್ಲ. ಅಪ್ಪನಿಗೆ ಕಾರ್ಡು ಹಾಕಿ ವಿಚಾರಿಸಿದ್ದೆ. ಅಪ್ಪನ ಉತ್ತರ ಸ್ಪಷ್ಟವಾಗಿತ್ತು: 'ಕಾಯಿಗೆ ಗಾಯವಾದರೆ ಕೊಳೆಯುತ್ತದೆ. ಅಟ್ಟಕ್ಕೆ ಹಾಕಿದ ಮೇಲೆ ವರ್ಷ ತುಂಬುವವರೆಗೂ ಮುಟ್ಟಬಾರದು. ಯಾರು ಮುಟ್ಟಿದರು?' ಇದು ಶುದ್ಧ ತೆಂಗಿನ ಉತ್ತರ. ಅತ್ತಿಯ ವಿಷಯವನ್ನು ಕೊಬ್ಬರಿ ಮಾಡುವವರಿಂದ ಕೇಳಿ ತಿಳಿದುಕೊಂಡೆ ಎಂಬುದು ಆಗ ನನಗೆ ತೋರಲಿಲ್ಲ. ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆ ಕಾಯಿ ಎಂದರೆ ಒಂದೇ ಕಾಯಿ.

ಅನುವಾದ ಸಮಿತಿಯಲ್ಲಿ ನನ್ನ ಮಾತಿಗೆ ಬೆಲೆಯೂ ಇತ್ತು. ಗ್ರೀಕಿನಲ್ಲಿ ಯೇಸು ಜನರನ್ನು ಕಂಡು ಮರುಗಿದ ಎನ್ನುವಲ್ಲಿ ಇರುವ ಕ್ರಿಯಾಪದ ಹೊಟ್ಟೆಯೊಳಗಿನ ಕರುಳಿನಿಂದ ಹುಟ್ಟಿದ್ದು. ಸಮಿತಿ ದಯೆ, ಕನಿಕರ, ಅನುಕಂಪ ಎಂದು ಒಂದು ಬೆಳಗಿನ ಹೊತ್ತೆಲ್ಲ ಒದ್ದಾಡುತ್ತಿದ್ದಾಗ ನಾನು, "ಕರುಳು ಚುರುಕ್ ಅಂತು ಅಂದರೆ ಆಗುವುದಿಲ್ಲವೇ?" ಎಂದಿದ್ದೆ. ಅಂದಿನಿಂದ ಹಳ್ಳಿಯ ವಿಷಯದಲ್ಲಿ ನಾನು ಹೇಳಿದ್ದೇ ಕೊನೆ ಎಂಬಂತಾಯಿತು. ಅತ್ತಿಮರದ ದಿನವೂ ಹಾಗೇ ಆಯಿತು. ಅಯ್ಯನವರು ಒಂದೇ ಮಾತು ಹೇಳಿದರು: "ನೋಡ್ಕೊಳ್ಳೋನು ಅಂದ್ರೆ ಆಮೋಸ ಮೇಸ್ತ್ರಿ ಆಗೋಗ್ತಾನೆ ಕಣಮ್ಮ. ಅವ್ನು ಕೂಲಿಯವನು." ಮತ್ತೆ ಸುಮ್ಮನಾದರು. ಕಾರ್ಯದರ್ಶಿಗಳು ನನ್ನ ಪಾಠವನ್ನೇ ಅಚ್ಚಿಗೆ ಕಳಿಸಿದರು.

ನಾವು ಮರಳುವಷ್ಟರಲ್ಲಿ ಆ ಪುಟ ಅಚ್ಚಾಗಿರುತ್ತದೆ ಎಂದು ಹೊರಡುವ ದಿನ ತಿಳಿಯಿತು. ನನ್ನ ಕೆಲಸ ಕಾಯಂ ಮಾಡುವ ಪತ್ರವೂ ಸಿದ್ಧವಾಗಿತ್ತು. ಕಾರ್ಯದರ್ಶಿಗಳ ಸಹಿ ಮಾತ್ರ ಬಾಕಿ.

ಕೈರೋ

ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ಚೀಲದಿಂದ ಒಂದು ಕೊಬ್ಬರಿ ಉಂಡೆ ತೆಗೆದು ಮೂಸಿದರು. ತಟ್ಟಿದರು.

"ಒಳಗೆ ಏನಿದೆ?"

"ಏನೂ ಇಲ್ಲ."

"ಏನೂ ಇಲ್ಲದ್ದನ್ನು ಯಾಕೆ ತಂದಿರಿ?"

ಅಟ್ಟದ ಮೇಲೆ ವರ್ಷವಿಡೀ ಬಿಟ್ಟ ತೆಂಗಿನಕಾಯಿಯೊಳಗೆ ನೀರು ತಾನಾಗಿ ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಳ್ಳುತ್ತದೆ, ಆಮೇಲೆ ಚಿಪ್ಪು ಒಡೆದು ಉಂಡೆಯನ್ನು ಇಡಿಯಾಗಿ ತೆಗೆಯುತ್ತಾರೆ, ಹಾಗಾಗಿ ಒಳಗೆ ಟೊಳ್ಳು ಎಂದು ವಿವರಿಸಿದೆ. ಅವರಿಗೆ ಇಂಗ್ಲಿಷ್ ಅಷ್ಟು ಬರುತ್ತಿರಲಿಲ್ಲ. ಚಾಕು ತಂದು ಕೊಯ್ದರು. ಏನೂ ಇರಲಿಲ್ಲ. ಎರಡನೆಯದನ್ನೂ ಕೊಯ್ದರು. ಅದರಲ್ಲೂ ಇರಲಿಲ್ಲ. ಪಕ್ಕದ ಮೇಜಿನವರು ಬಂದು ಒಂದು ಚೂರು ಬಾಯಿಗೆ ಹಾಕಿಕೊಂಡರು. ಅವರು ತಲೆಯಾಡಿಸಿದ ಮೇಲೆ ಉಳಿದವರೂ ಬಂದರು. ನಾವು ಹೊರಗೆ ಬಂದಾಗ ಏಳು ಉಂಡೆ ಉಳಿದಿದ್ದವು.

"ನಿಮ್ಮಪ್ಪಾರಿಗೆ ಬರ್ದಾಕು," ಎಂದರು ಅಯ್ಯನವರು. "ಇಲ್ಲಿ ಮಾರ್ಕೆಟ್ ಐತೆ ಅಂತ."

ಸಿಕ್ಕವರೆಲ್ಲ ನಮ್ಮನ್ನು ನೋಡಿ "ಹಿಂದಿ?" ಎಂದು ಕೇಳುತ್ತಿದ್ದರು. "ಅಲ್ಲ, ಕನ್ನಡ," ಎಂದು ಎರಡು ದಿನ ತಿದ್ದಿದೆ. ಅಲ್ಲಿ ಭಾರತದವರಿಗೆಲ್ಲ ಹಿಂದಿ ಎಂದೇ ಹೆಸರು ಎಂದು ಮೂರನೆಯ ದಿನ ತಿಳಿಯಿತು.

ಅಲೆಕ್ಸಾಂಡ್ರಿಯ

ಶಿಬಿರ ಸಮುದ್ರದಿಂದ ಎರಡು ಬೀದಿ ಆಚೆಗಿನ ಹಳೆಯ ಶಾಲೆಯಲ್ಲಿ ನಡೆಯಿತು. ಆರು ಭಾಷೆಗಳವರಿದ್ದರು. ಕಲಿಸುವವರು ಒಬ್ಬ ಡಚ್ ಅಧ್ಯಾಪಕರು. ಯಾವ ಮಾತಿಗೂ ಅದು ಹುಟ್ಟಿದ ಹೊಲಕ್ಕೆ ಹೋಗದೆ ಅರ್ಥ ಬರೆಯಬೇಡಿ ಎಂದು ದಿನಕ್ಕೆ ನಾಲ್ಕು ಸಲ ಹೇಳುತ್ತಿದ್ದರು. ಅವರ ಬೂಟು ಸದಾ ಹೊಳೆಯುತ್ತಿತ್ತು.

ಬೆಳಿಗ್ಗೆ ಊಟಕ್ಕೆ ರೊಟ್ಟಿಯ ಜೊತೆ ಬೇಯಿಸಿದ ದಪ್ಪ ಕಾಳು. ಒಗ್ಗರಣೆ ಇಲ್ಲ, ಬೆಳ್ಳುಳ್ಳಿ ಉಂಟು. ಅವರೆಕಾಳು ತನ್ನ ನೆಂಟರನ್ನೆಲ್ಲ ಕಳೆದುಕೊಂಡ ಹಾಗೆ ಇತ್ತು. ಅಯ್ಯನವರು ಎರಡು ಸಲ ಹಾಕಿಸಿಕೊಳ್ಳುತ್ತಿದ್ದರು.

ಎದುರು ಮನೆಯ ಮೂರನೇ ಮಹಡಿಯಿಂದ ಒಬ್ಬ ಹೆಂಗಸು ರಾಟೆಯ ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಬೀದಿಗೆ ಇಳಿಬಿಡುತ್ತಿದ್ದರು. ತರಕಾರಿಯವನು ತುಂಬಿದ ಮೇಲೆ ಎಳೆದುಕೊಂಡು, ಒಂದೊಂದು ಟೊಮೆಟೊ ಒತ್ತಿ ನೋಡಿ, ಮೆತ್ತಗಿದ್ದವನ್ನು ಅದೇ ಬುಟ್ಟಿಯಲ್ಲಿ ವಾಪಸು ಇಳಿಸುತ್ತಿದ್ದರು. ಜಗಳ ಮಹಡಿಗೂ ಬೀದಿಗೂ ನಡುವೆ, ಹಗ್ಗದುದ್ದಕ್ಕೂ ನಡೆಯುತ್ತಿತ್ತು.

"ಏನಮ್ಮ ಅದು ಕಿರ್ರನ್ನೋದು?" ಎಂದು ಅಯ್ಯನವರು ಕೇಳಿದಾಗ ನಾನು ಕಂಡದ್ದನ್ನೆಲ್ಲ ಹೇಳಿದೆ. ಎಷ್ಟು ಟೊಮೆಟೊ ವಾಪಸು ಹೋದವು ಎಂದು ಕೇಳಿದರು. ಐದು ಎಂದೆ. "ಸರಿ," ಎಂದರು. ನಾನು ಹೇಳಿದ್ದನ್ನು ಅವರು ಇನ್ನೊಬ್ಬರಲ್ಲಿ ಕೇಳಿ ಖಚಿತ ಮಾಡಿಕೊಂಡದ್ದಿಲ್ಲ.

ಮರ

ಶುಕ್ರವಾರ ಪಾಠವಿರಲಿಲ್ಲ. ಶಿಬಿರದ ವ್ಯಾನು ಓಡಿಸುವ ಹಸನ್, ತನ್ನ ಹಳ್ಳಿ ನೋಡಲು ಬನ್ನಿ ಎಂದು ನಮ್ಮಿಬ್ಬರನ್ನು ಕರೆದುಕೊಂಡು ಹೋದ. ಹರಕು ಇಂಗ್ಲಿಷ್, ಆದರೆ ಸಂಕೋಚವಿಲ್ಲದ್ದು. ಒಂದು ಗಂಟೆಯ ದಾರಿ. ಕಾಲುವೆಯ ಎರಡೂ ಕಡೆ ಹಸಿರು, ಅದರಾಚೆ ಮಣ್ಣಿನ ಗೋಡೆಯ ಮನೆಗಳು. ಎಮ್ಮೆಗಳು ನೀರಿನಲ್ಲಿ ಕೂತಿದ್ದ ರೀತಿಯಲ್ಲಿ ಹೊಸದೇನೂ ಇರಲಿಲ್ಲ.

ಹಸನನ ಮನೆಯ ಮುಂದೆ, ಕಾಲುವೆಯ ದಡದಲ್ಲಿ ಒಂದು ಮರವಿತ್ತು. ನಮ್ಮ ಅತ್ತಿಮರಕ್ಕಿಂತ ಅಗಲ, ಆದರೆ ಅದರದೇ ಜಾತಿ ಎಂದು ನೋಡಿದರೇ ತಿಳಿಯುತ್ತದೆ. ಕಾಯಿ ಕಾಂಡಕ್ಕೂ ದಪ್ಪ ಕೊಂಬೆಗಳಿಗೂ ನೇರ ಅಂಟಿಕೊಂಡು ಗೊಂಚಲು ಗೊಂಚಲಾಗಿದ್ದವು. ನಮ್ಮಲ್ಲಿ ಅತ್ತಿಹಣ್ಣನ್ನು ಬಿಡಿಸಿ ನೋಡಬಾರದು ಎನ್ನುತ್ತಾರೆ, ಒಳಗೆಲ್ಲ ಹುಳ. ಇಲ್ಲಿ ಮರಕ್ಕೆ ಏಣಿ ಹಾಕಿತ್ತು. ಕೊಂಬೆಯ ಮೇಲೆ ಹಸನನ ದೊಡ್ಡಪ್ಪ ಕೂತಿದ್ದರು.

ಅವರ ಬಲಗೈ ತೋರುಬೆರಳಿಗೆ ಚಿಕ್ಕದೊಂದು ಕಬ್ಬಿಣದ ಅಲಗು ಕಟ್ಟಿತ್ತು. ಎಡಗೈಯಲ್ಲಿ ಕಾಯಿಯನ್ನು ಕೀಳದೆ ಹಿಡಿದು, ತುದಿಯ ಬಳಿ ಒಂದು ಗೀರು ಹಾಕಿ ಬಿಡುತ್ತಿದ್ದರು. ಮುಂದಿನ ಕಾಯಿ, ಇನ್ನೊಂದು ಗೀರು. ಗೀರಿದ ಕಡೆ ಹಾಲು ಒಸರುತ್ತಿತ್ತು. ಒಂದನ್ನೂ ಬಿಡುತ್ತಿರಲಿಲ್ಲ. ಆಚೆ ಕೊಂಬೆಯಲ್ಲಿ ಹಿಂದೆಯೇ ಗೀರಿದ ಕಾಯಿಗಳು ಉಬ್ಬಿ ನಸುಗೆಂಪಾಗಿದ್ದವು. ಒಂದೊಂದರಲ್ಲೂ ಕಪ್ಪಾದ ಗಾಯದ ಗುರುತು ಇತ್ತು.

"ಗೀರಿದರೆ ಮೂರು ದಿನ, ನಾಲ್ಕು ದಿನ. ಸಿಹಿ," ಎಂದ ಹಸನ್. "ಗೀರದಿದ್ದರೆ ಗಟ್ಟಿ. ಕತ್ತೆಗೆ." ಹೇಳಿ ಚಹಾ ತರಲು ಒಳಗೆ ಹೋದ.

ಅಯ್ಯನವರು ಸ್ವಲ್ಪ ದೂರದಲ್ಲಿ ಚಾಪೆಯ ಮೇಲೆ ಕೂತಿದ್ದರು. ಮರದ ಮೇಲೆ ಯಾರೋ ಇದ್ದಾರೆ ಎನ್ನುವಷ್ಟು ಮಾತ್ರ ಅವರಿಗೆ ಕಾಣುತ್ತಿತ್ತು.

"ಏನ್ ಮರ ಕಣಮ್ಮ?"

"ಅತ್ತಿಯ ಜಾತಿ."

ಅವರು ನೆಟ್ಟಗೆ ಕೂತರು. "ಮೇಲಿರೋನು ಏನ್ ಮಾಡ್ತಾವ್ನೆ?"

ಕೆಂಪು ಶಾಯಿ, ನನ್ನ ಅಕ್ಷರ, ಸಹಿಯಾಗದ ಪತ್ರ, ಈ ಮೂರೂ ಇದೇ ಕ್ರಮದಲ್ಲಿ ನೆನಪಿಗೆ ಬಂದವು.

"ಮರ ನೋಡಿಕೊಳ್ತಾ ಇದಾರೆ, ಅಯ್ಯನವರೇ."

"ಹೌದಾ," ಎಂದು ಅವರು ಮತ್ತೆ ಒರಗಿದರು.

ಅದನ್ನು ಸುಳ್ಳು ಎನ್ನುವಂತಿರಲಿಲ್ಲ. ಅಚ್ಚಿಗೆ ಹೋಗಿದ್ದ ವಾಕ್ಯವೇ ಅದು. ಚಹಾ ಬಂತು, ಪುದೀನ ಹಾಕಿದ್ದು. ಹಸನನ ದೊಡ್ಡಪ್ಪ ಇಳಿದು ಬಂದು, ಕೈಗೆ ಅಂಟಿದ ಹಾಲನ್ನು ಮಣ್ಣಿಗೆ ಉಜ್ಜಿಕೊಂಡು, ಮಾಗಿದ ಹಣ್ಣು ಒಂದು ಹಿಡಿ ಅಯ್ಯನವರ ಕೈಗೆ ಹಾಕಿದರು. ನನಗೂ ಕೊಟ್ಟರು. ಬಿಡಿಸಿ ನೋಡಿದೆ, ಹುಳ ಇರಲಿಲ್ಲ. ಸಿಹಿಯಾಗಿತ್ತು. ನನಗೆ ಒಂದಕ್ಕಿಂತ ಹೆಚ್ಚು ತಿನ್ನಲಾಗಲಿಲ್ಲ.

ರೈಲ್ವೆ ಗೇಟು

ಮರಳುವ ದಾರಿಯಲ್ಲಿ ರೈಲ್ವೆ ಗೇಟು ಹಾಕಿತ್ತು. ಹಸನ್ ಎಂಜಿನ್ ನಿಲ್ಲಿಸಿ ಇಳಿದು, ಗೇಟಿನವನ ಜೊತೆ ಮಾತಿಗೆ ನಿಂತ. ನಮ್ಮ ಹಿಂದೆ ಒಂದು ಲಾರಿ, ಎರಡು ಕತ್ತೆಗಾಡಿ ಸೇರಿಕೊಂಡವು. ಯಾರಿಗೂ ಅವಸರ ಕಾಣಲಿಲ್ಲ.

ಅಯ್ಯನವರ ಮಡಿಲಿನಲ್ಲಿ ಕರವಸ್ತ್ರ, ಅದರಲ್ಲಿ ಉಳಿದ ಹಣ್ಣುಗಳು. ಒಂದನ್ನು ತೆಗೆದು ತುಟಿಯ ಹತ್ತಿರ ಒಯ್ದು, ತಿನ್ನದೆ ಮತ್ತೆ ಇಟ್ಟರು. ಆಮೇಲೆ ಕೈ ಒರೆಸಿಕೊಂಡು, "ಹಣ್ಣು ಚೆನ್ನಾಗೈತೆ ಕಣಮ್ಮ. ನೋಡ್ಕೊಂಡ್ರೆ ಹಿಂಗ್ ಬತ್ತದೆ ಅಂತಾಯ್ತು. ನೀನ್ ಬರ್ದಿದ್ದೇ ಸರಿ ಇರ್ಬೋದು," ಎಂದರು.

ಒಂಬತ್ತು ವರ್ಷದ ಕೆಲಸದಲ್ಲಿ ತಮಗೆ ಖಾತ್ರಿಯಿದ್ದ ಒಂದು ಮಾತನ್ನು ಅವರು ನನ್ನ ಕಣ್ಣನ್ನು ನಂಬಿ ಬಿಟ್ಟುಕೊಡುತ್ತಿದ್ದರು. ಆಗ ಹೇಳದಿದ್ದರೆ ಇನ್ನು ಹೇಳಲಾಗುತ್ತಿರಲಿಲ್ಲ.

"ಅಯ್ಯನವರೇ, ಅವರು ಗೀರ್ತಾ ಇದ್ದರು," ಎಂದೆ.

ಅವರು ನನ್ನ ಕಡೆ ತಿರುಗಲಿಲ್ಲ.

"ಕಾಯಿನಾ?"

"ಹೌದು. ಒಂದೊಂದನ್ನೂ. ಗೀರಿದರೆ ಮೂರು ನಾಲ್ಕು ದಿನಕ್ಕೆ ಹಣ್ಣಾಗುತ್ತೆ, ಇಲ್ಲದಿದ್ದರೆ ಆಗೋದಿಲ್ಲ ಅಂತ ಹಸನ್ ಹೇಳಿದ. ನಾನೇ ಕಣ್ಣಾರೆ ನೋಡಿದೆ."

"ಮತ್ತೆ ಆವಾಗ ಯಾಕ್ ಹಂಗಂದೆ?"

"ನಾನು ಬರೆದ ಟಿಪ್ಪಣಿ ನೆನಪಾಯಿತು."

"ಹೂಂ," ಎಂದರು. ರೈಲು ಬಂತು. ಉದ್ದವಾದ ರೈಲು. ಅದು ಹೋದ ಮೇಲೂ ಗೇಟಿನವನು ತೆರೆಯಲಿಲ್ಲ, ಹಸನನ ಮಾತು ಮುಗಿದಿರಲಿಲ್ಲ.

ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪ್ರಶ್ನೆ ಕೇಳಲು ಶುರು ಮಾಡಿದರು. ಅಲಗು ಎಷ್ಟುದ್ದ? ಯಾವ ಬೆರಳಿಗೆ? ಗೀರು ಅಡ್ಡವೋ ನೆಟ್ಟಗೋ? ಕಾಯಿ ತೊಟ್ಟಿನಲ್ಲೇ ಇತ್ತೋ? ಹಾಲು ಬಿಳಿಯೋ ಹಳದಿಯೋ? ಒಂದು ಉಸಿರಿಗೆ ಎಷ್ಟು ಕಾಯಿ? ನಾನು ಒಂದೊಂದಕ್ಕೂ ಕಂಡಷ್ಟು ಹೇಳಿದೆ, ಕಾಣದ್ದನ್ನು ಕಾಣಲಿಲ್ಲ ಎಂದೆ. ಒಂದು ಉಸಿರಿಗೆ ಎರಡು ಎಂದಾಗ ಅವರ ಬೆರಳು ಮೊಣಕಾಲಿನ ಮೇಲೆ ಎರಡು ಸಲ ಆಡಿತು.

"ಒಂದ್ ಮರಕ್ಕೆ ಸಾವಿರ ಕಾಯಿ ಅಂತಿಟ್ಕೋ," ಎಂದರು ಕೊನೆಗೆ. "ಸಾವಿರ ಸಲ ಕೈ ಆಡಿಸ್ಬೇಕು. ಅಂಥೋನು ಅರಮನೆ ಪುರೋಹಿತನ ಎದುರಿಗೆ ನಿಂತು ಮಾತಾಡ್ದ."

ತಂತಿ ಕಚೇರಿ

ಮಾರನೆಯ ಬೆಳಿಗ್ಗೆ ನಾವಿಬ್ಬರೂ ತಂತಿ ಕಚೇರಿಗೆ ಹೋದೆವು. ನಾನು ಬರೆದುಕೊಟ್ಟ ಇಂಗ್ಲಿಷ್ ತಂತಿಯ ಸಾರ ಇಷ್ಟೇ: ಆಮೋಸ ಏಳನೆಯ ಅಧ್ಯಾಯ, ಹದಿನಾಲ್ಕನೆಯ ವಾಕ್ಯ, ಅಚ್ಚು ನಿಲ್ಲಿಸಿ, ಗೀರುವವನು ಎಂದು ತಿದ್ದಿ. 'ಗೀರುವವನು' ಎಂಬುದನ್ನು ಇಂಗ್ಲಿಷ್ ಅಕ್ಷರಗಳಲ್ಲೇ ಬರೆಯಬೇಕಾಯಿತು.

ಗುಮಾಸ್ತರು ಆ ಮಾತಿನ ಮೇಲೆ ಪೆನ್ಸಿಲ್ ಇಟ್ಟರು.

"ಇದು ಯಾವ ಭಾಷೆ?"

"ಕನ್ನಡ."

ಅವರ ಹತ್ತಿರ ಭಾಷೆಗಳ ಒಂದು ಪಟ್ಟಿ ಇತ್ತು. ಅದರಲ್ಲಿ ಹುಡುಕಿದರು. ಇರಲಿಲ್ಲ. ಗೂಢಲಿಪಿಯ ತಂತಿ ಕಳಿಸಲು ಅನುಮತಿ ಬೇಕು ಎಂದರು. ಇದು ಗೂಢಲಿಪಿಯಲ್ಲ, ನಮ್ಮ ಕಡೆ ಕೋಟ್ಯಂತರ ಜನ ಆಡುತ್ತಾರೆ ಎಂದೆ. ಹಾಗಾದರೆ ಅರ್ಥವೇನು ಎಂದು ಕೇಳಿದರು.

ಇಂಗ್ಲಿಷಿನಲ್ಲಿ ಹೇಳಲು ಎರಡು ಸಲ ಪ್ರಯತ್ನಿಸಿ ಸೋತೆ. ಅಯ್ಯನವರು ಕರವಸ್ತ್ರ ಬಿಚ್ಚಿ, ಒಂದು ಹಣ್ಣನ್ನು ಕೌಂಟರಿನ ಮೇಲಿಟ್ಟು, ತೋರುಬೆರಳಿನಿಂದ ಗಾಳಿಯಲ್ಲಿ ಒಂದು ಗೀರು ಎಳೆದರು. ಗೀರು ಬಹಳ ಉದ್ದವಾಯಿತು.

ಗುಮಾಸ್ತರು ಅವರ ಬೆರಳನ್ನು ಹಿಡಿದು, ಹಾಗಲ್ಲ ಎಂದು ತಲೆಯಾಡಿಸಿ, ಚಿಕ್ಕದಾಗಿ ಎಳೆದು ತೋರಿಸಿದರು. ತಮ್ಮ ತಾತ ಈ ಕೆಲಸ ಮಾಡುತ್ತಿದ್ದರಂತೆ. ಆ ಹಾಲು ಚರ್ಮಕ್ಕೆ ತಗುಲಿದರೆ ತುರಿಕೆಯಂತೆ. ಈ ವಿಷಯಕ್ಕೆ ಭಾರತಕ್ಕೆ ತಂತಿ ಯಾಕೆ ಎಂದು ಕೇಳಲಿಲ್ಲ. ಠಸ್ಸೆ ಹೊಡೆದರು. ಹಣ್ಣನ್ನು ಇಟ್ಟುಕೊಂಡರು.

ಮಂಗಳವಾರ ಉತ್ತರ ಬಂತು. ಡಚ್ ಅಧ್ಯಾಪಕರು ತರಗತಿಯ ನಡುವೆ ತಂದುಕೊಟ್ಟರು. ಹೊರಗಿನ ಮೆಟ್ಟಿಲ ಮೇಲೆ ಕೂತು ಅಯ್ಯನವರಿಗೆ ಓದಿ ಹೇಳಿದೆ: 'ಅಚ್ಚು ನಿಲ್ಲಿಸಿ ತಿದ್ದಿದೆ. ಹಿಂದಿನ ಪಾಠಕ್ಕೆ ಯಾರು ಹೊಣೆ. ಹೆಸರು ತಿಳಿಸಿ.'

ಕಾರ್ಯದರ್ಶಿಗಳಿಗೆ ಅದು ಗೊತ್ತಿಲ್ಲದ ವಿಷಯವಲ್ಲ. ಕಡತದಲ್ಲಿ ಕೆಂಪು ಶಾಯಿ ಇದ್ದೇ ಇತ್ತು. ಬರವಣಿಗೆಯಲ್ಲಿ ಬೇಕಾಗಿತ್ತು, ಅಷ್ಟೇ. ನಾನು ಕಾಗದ ತೆಗೆದು ನನ್ನ ಹೆಸರು ಬರೆದೆ.

"ಏನ್ ಬರ್ದೆ?" ಎಂದರು ಅಯ್ಯನವರು.

"ಗಿರಿಜಾ."

"ಅಷ್ಟೇನಾ?"

"ಅಷ್ಟೇ."

"ನಂದೂ ಹಾಕು."

"ನೀವು ಸರಿಯಾಗಿಯೇ ಬರೆದಿದ್ದಿರಿ, ಅಯ್ಯನವರೇ."

"ಅದ್ಕೇ ಹಾಕು ಅನ್ನೋದು. ನೀನು ಗೊತ್ತಿಲ್ದೆ ತಪ್ಪು ಬರ್ದೆ. ನಾನು ಸರಿ ಅಂತ ಗೊತ್ತಿದ್ದೂ ಬುಟ್ಕೊಟ್ಟೆ. ಸಮಿತೀಲಿ ಒಂದ್ ಮಾತಾಡಿ ಸುಮ್ನಾದೆ. ವಯಸ್ಸಾಯ್ತು, ಯಾಕ್ ಜಗಳ ಅಂತ. ಆಮೋಸ ಹಂಗ್ ಸುಮ್ನಿದ್ನಾ?"

ನಾನು ಅವರ ಹೆಸರನ್ನು ನನ್ನ ಹೆಸರಿಗಿಂತ ಮೇಲೆ ಬರೆಯಲು ಹೊರಟೆ. ಅದು ಅವರಿಗೆ ಹೇಗೆ ತಿಳಿಯಿತೋ.

"ವಯಸ್ಸಿನ್ ಪ್ರಕಾರ ಬೇಡ ಕಣಮ್ಮ. ತಪ್ಪು ಯಾರ್ದು ದೊಡ್ಡದೋ ಅವ್ರದ್ದು ಮೊದ್ಲು ಬರಿ."

ಎದುರು ಮನೆಯ ಬುಟ್ಟಿ ಇಳಿದು, ತುಂಬಿ, ಮೇಲೆ ಹೋಯಿತು. ಯಾವ ರೀತಿ ನೋಡಿದರೂ ಅದು ತೀರ್ಮಾನವಾಗುವಂತಿರಲಿಲ್ಲ. ಕೊನೆಗೆ ಇಂಗ್ಲಿಷ್ ಅಕ್ಷರಮಾಲೆಯ ಪ್ರಕಾರ ಬರೆದೆ. ಅದರಲ್ಲೂ ದಾನಪ್ಪ, ಗಿರಿಜಾ ಎಂದು ಅವರೇ ಮೊದಲು ಬಂದರು.